ನೀಲವ್ವ ಚಿಗವ್ವ ಮತ್ತು ನಮ್ಮ ಮನೆಯ ಹೊಗೆಗೂಡು

ಕಳೆದ ತಿಂಗಳು ವಿಜಯಪುರದಲ್ಲಿ ಮಗಳ ಮನೆಯಲ್ಲಿದ್ದೆ. ಅವಳ ಅಡುಗೆಮನೆಯಲ್ಲಿ ಗ್ಯಾಸಿನ ಒಲೆಯ ಮೇಲೆ ಹೊಗೆ ಎಳೆಯುವ ಸ್ಟೀಲಿನ ಪೆಟ್ಟಿಗೆಯೊಂದಿದೆ. ಅದನ್ನು ತೊಳೆಯಲು ಒಬ್ಬ ಮೆಕ್ಯಾನಿಕ್ ಬಂದಿದ್ದ. ನಾನು ಅಲ್ಲೇ ಕುಳಿತು ಮೆಂತ್ಯಪಲ್ಲೆ ಸೋಸುತ್ತಿದ್ದೆ. ಅವನು ತಿರುಪು ಬಿಚ್ಚಿ ಜಾಳಿಗೆಯನ್ನು ಕೆಳಗಿಳಿಸಿದ ಕೂಡಲೇ ಒಂದು ವಾಸನೆ ಬಂತು. ಮೊದಲು ಸುಟ್ಟ ಎಣ್ಣೆಯ ಕಮಟು, ಅದರ ಹಿಂದೆಯೇ ತಣ್ಣಗಿನ, ಕಹಿಯಾದ, ಗಂಟಲಿನ ತಳಕ್ಕೆ ಹೋಗಿ ಕೂರುವ ಹಳೆಯ ಮಸಿಯ ವಾಸನೆ. ಅರವತ್ತು ವರ್ಷ ದಾಟಿತು ಆ ವಾಸನೆ ನನ್ನ ಮೂಗಿಗೆ ಬಡಿದು. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ನನ್ನ ಮಗಳಿಗೆ, "ವರ್ಷಕ್ಕ ಎರಡು ಸಲನರೆ ತೊಳಸ್ರಿ ಅಕ್ಕಾರ. ಬಿಟ್ರ ಒಂದಿನ ಬೆಂಕಿ ಹತ್ತತೈತಿ" ಎಂದ. ಮಗಳು "ಹೌದ್ರಿ, ನೆನಪಿಲೆ ಮಾಡಸ್ತೇವಿ" ಎಂದು ಅವನಿಗೆ ಚಹಾ ಕೊಟ್ಟಳು. ಅಳಿಯ ತಲೆದೂಗಿದ. ಯಾರೂ ಸಿಟ್ಟಾಗಲಿಲ್ಲ. ಇವನ ನಾಲಗೆ ಕೆಟ್ಟದ್ದು, ಮನೆಗೆ ಕೇಡು ಬಯಸುತ್ತಾನೆ ಎಂದು ಯಾರೂ ಅನ್ನಲಿಲ್ಲ. ನನಗೆ ಅಲ್ಲಿ ಕೂರಲಾಗದೆ ಪಲ್ಲೆಯ ಪುಟ್ಟಿಯನ್ನು ಸರಿಸಿ ಎದ್ದು ಹೊರಗೆ ಹೋದೆ. ಹೆಚ್ಚುಕಡಿಮೆ ಇದೇ ಮಾತನ್ನು ಮನಗೂಳಿಯ ನಮ್ಮ ಮನೆಯಲ್ಲಿ ನನ್ನ ಚಿಗವ್ವ ಆಡಿದ್ದಳು. ಅದಕ್ಕೆ ಅವಳಿಗೆ ಸಿಕ್ಕಿದ್ದು ಚಹಾ ಅಲ್ಲ.

ಈಗ ಆ ಮನೆ ಇಲ್ಲ. ಇದ್ದಾಗ ಅದು ನಮ್ಮ ಓಣಿಯಲ್ಲೇ ದೊಡ್ಡದು. ಮೊಳಗಟ್ಟಲೆ ದಪ್ಪದ ಮಣ್ಣಿನ ಗೋಡೆ, ಒಳಗೆ ಕಾಲಿಟ್ಟರೆ ಮೊದಲು ದನಗಳ ಬೆಚ್ಚನೆಯ ಉಸಿರು, ಆಮೇಲೆ ಎರಡು ಮೆಟ್ಟಿಲು ಹತ್ತಿ ಪಡಸಾಲೆ, ಪಡಸಾಲೆಯ ಕಂಬಗಳಿಗೆ ತೂಗುಹಾಕಿದ ಜೋಳದ ಬೀಜದ ತೆನೆ, ಅದರ ಹಿಂದೆ ಬೇಸಿಗೆಯ ನಡುಮಧ್ಯಾಹ್ನದಲ್ಲೂ ಕತ್ತಲಾಗಿರುತ್ತಿದ್ದ ಅಡುಗೆಮನೆ. ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಜೋಳದ ದಂಟಿನ ಕಣಿಕೆ ಹಾಸಿ ಮಣ್ಣು ಮೆತ್ತಿದ ಮಾಳಿಗೆ. ಊರಿನ ಎಲ್ಲ ಮನೆಗಳ ಹಾಗೆ ನಮ್ಮಲ್ಲೂ ಹಿಂದೆ ಹೊಗೆ ಹೋಗಲು ಮಾಳಿಗೆಗೆ ಒಂದು ಕಿಂಡಿ ಇತ್ತಂತೆ. ಹೊಗೆಗೆ ಅಜ್ಜಿಯ ಕಣ್ಣು ಸದಾ ಕೆಂಪಾಗಿ ನೀರಿಳಿಯುತ್ತಿತ್ತು. ಅರಳೆ ಮಾರಲು ಸೊಲ್ಲಾಪುರಕ್ಕೆ ಹೋಗುತ್ತಿದ್ದ ಅಜ್ಜ ಅಲ್ಲಿ ಯಾರದೋ ಮನೆಯಲ್ಲಿ ಇಟ್ಟಿಗೆಯ ಹೊಗೆಗೂಡನ್ನು ಕಂಡು ಬಂದು, ಗಾಡಿಗಟ್ಟಲೆ ಸುಟ್ಟ ಇಟ್ಟಿಗೆ ತರಿಸಿ, ಹೆಂಡತಿಯ ಕಣ್ಣಿಗೋಸ್ಕರ ಒಲೆಯ ಮೇಲೆ ಒಂದು ಗೂಡನ್ನು ಎತ್ತಿಸಿದ. ಅದು ಮಾಳಿಗೆಯನ್ನು ಸೀಳಿಕೊಂಡು ಮೇಲೆ ಒಂದಾಳೆತ್ತರ ನಿಂತಿತ್ತು. ಸುತ್ತಲಿನ ಹಳ್ಳಿಯವರು ಸಂತೆಗೆ ಬಂದವರು ಅದನ್ನು ನೋಡಿಕೊಂಡು ಹೋಗುತ್ತಿದ್ದರೆಂದು ನಮ್ಮವ್ವ ಹೇಳುತ್ತಿದ್ದಳು. ಅಜ್ಜ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ. ಅವನ ಗೂಡು ಮಾತ್ರ ನಮ್ಮ ಬಾಲ್ಯದ ಮೇಲೆಲ್ಲ ಹೊಗೆಯಾಡುತ್ತ ನಿಂತಿತ್ತು.

ಗೂಡನ್ನು ಕಟ್ಟಿಸಿದವನು ಅಜ್ಜನಾದರೆ ಅದನ್ನು ಕಾಯ್ದವಳು ಅಜ್ಜಿ. ದಸರೆಯ ಬನ್ನಿಹಬ್ಬಕ್ಕೆ ಮುಂಚೆ ಒಂದು ಸಲ, ಯುಗಾದಿಗೆ ಮುಂಚೆ ಒಂದು ಸಲ ಅವಳು ಗೂಡು ಬಳಿಸುತ್ತಿದ್ದಳು, ಒಳಗೆ ಕಟ್ಟಿದ ಮಸಿಯನ್ನು ಕೆರೆಸಿ ತೆಗೆಸುತ್ತಿದ್ದಳು. ನಮಗೆ ಮಕ್ಕಳಿಗೆ ಅದು ಹಬ್ಬಕ್ಕಿಂತ ಹೆಚ್ಚಿನ ಹಬ್ಬ. ಹಿಂದಿನ ದಿನವೇ ಒಲೆ ಆರಿಸಿ ಬೂದಿ ತೆಗೆದು ತಣ್ಣಗೆ ಮಾಡಿರುತ್ತಿದ್ದರು. ಆ ದಿನ ಮನೆಯಲ್ಲಿ ಒಲೆ ಹೊತ್ತಿಸುವಂತಿರಲಿಲ್ಲ. ಕಟಕರೊಟ್ಟಿ, ಶೇಂಗಾ ಹಿಂಡಿ, ಕೆನೆಮೊಸರು, ಹಸಿ ಉಳ್ಳಾಗಡ್ಡಿ. ಪಡಸಾಲೆಯಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುತ್ತಿದ್ದೆವು. ಹಗ್ಗದ ತುದಿಗೆ ಗುಂಡುಕಲ್ಲು ಕಟ್ಟಿ, ಅದರ ಮೇಲೆ ಈಚಲ ಗರಿಯ ದಪ್ಪ ಸಿಂಬಿ ಬಿಗಿದು, ಮಾಳಿಗೆಯ ಮೇಲಿಂದ ಗೂಡಿನ ಬಾಯಿಯೊಳಗೆ ಇಳಿಬಿಟ್ಟು ಮೇಲೆ ಕೆಳಗೆ ಎಳೆಯುತ್ತಿದ್ದರು. ಕೆಳಗೆ ಒಲೆಯ ಬಾಯಿಗೆ ಗೋಣಿತಟ್ಟು. ಅದರ ಹಿಂದೆ ಮಸಿ ಉದುರುವ ಸದ್ದು, ಮೊದಲು ಮರಳು ಸುರಿದಂತೆ, ಆಮೇಲೆ ಧೊಪ್ ಧೊಪ್ ಎಂದು ಹೆಂಟೆಗಳು. ಆ ಹೆಂಟೆಗಳು ಕಪ್ಪಗೆ ಮಿಂಚುತ್ತಿದ್ದವು, ಬೆಲ್ಲದ ಪಾಕ ಗಟ್ಟಿಯಾದ ಹಾಗೆ. ಅಜ್ಜಿ ಒಂದನ್ನು ಎತ್ತಿ ಕಡ್ಡಿಯ ತುದಿಯಲ್ಲಿ ಹಿಡಿದು ಚಿಮಣಿಯ ದೀಪಕ್ಕೆ ತೋರಿಸಿದರೆ ಅದು ಚಟಚಟ ಅನ್ನುತ್ತ ಹತ್ತಿಕೊಳ್ಳುತ್ತಿತ್ತು. "ನೋಡ್ರಿ, ಇದು ಹೊಗಿ ಅಲ್ಲ, ಮಲಗಿದ ಬೆಂಕಿ" ಎನ್ನುತ್ತಿದ್ದಳು ನಮಗೆ. ಸಂಜೆಗೆ ನಮ್ಮೆಲ್ಲರ ಮುಖ ಕಪ್ಪು. ಸಾಲಾಗಿ ನಿಲ್ಲಿಸಿ ಸೀಗೆಪುಡಿ ಹಚ್ಚಿ ಉಜ್ಜುತ್ತಿದ್ದರು. ಮಸಿಯನ್ನು ಹಿತ್ತಲಿನ ಬದನೆ ಗಿಡಗಳ ಬುಡಕ್ಕೆ ಹಾಕುತ್ತಿದ್ದರು. ಮರುದಿನ ಒಲೆ ಹೊತ್ತಿಸಿದಾಗ ಹೊಗೆ ಒಂದೇ ಉಸಿರಿಗೆ ಮೇಲೇರುವುದನ್ನು ನೋಡಿ ಅಜ್ಜಿ ಯಾರಿಗೂ ಹೇಳದೆ ನಗುತ್ತಿದ್ದಳು.

ಅಜ್ಜಿಗೆ ಮೂವರು ಗಂಡುಮಕ್ಕಳು. ಹಿರಿಯ ದೊಡ್ಡಪ್ಪ ಮನೆಯ ಯಜಮಾನ. ನಡುವಿನವನು ನಮ್ಮಪ್ಪ. ಕಿರಿಯವನು ಕಾಕಾ. ನೀಲವ್ವ ಚಿಗವ್ವ ಕಾಕಾನ ಹೆಂಡತಿ, ಸಿಂದಗಿ ಕಡೆಯ ಮೋರಟಗಿಯವಳು. ಎತ್ತರದ ಆಳು, ಉದ್ದನೆಯ ಕೈ, ಜೋರು ನಗು. ಅವಳು ರೊಟ್ಟಿ ಬಡಿಯುವ ಸದ್ದನ್ನು ಕೇಳಿಯೇ ನಾವು ನಿದ್ದೆಯಿಂದ ಏಳುತ್ತಿದ್ದೆವು. ಒಂದು ತಾಳಕ್ಕೆ ಬಿದ್ದಂತೆ ಕೈ ಬೀಳುತ್ತಿತ್ತು, ರೊಟ್ಟಿ ಹರಿವಾಣದಗಲ ಹಾಳೆಯ ಹಾಗೆ ಹರಡುತ್ತಿತ್ತು. ಅಜ್ಜಿಗೆ ಮಾಳಿಗೆ ಹತ್ತುವ ಶಕ್ತಿ ಕುಂದಿದಾಗ ಹಗ್ಗ ಹಿಡಿದು ಮೇಲೆ ಹೋದವಳು ಚಿಗವ್ವ. ಕಚ್ಚೆ ಬಿಗಿದು, ಸೆರಗನ್ನು ತಲೆಗೆ ಸುತ್ತಿ, ಗೂಡಿನ ಪಕ್ಕ ನಿಂತು ಹಗ್ಗ ಎಳೆಯುತ್ತ ಕೆಳಗಿದ್ದ ಅತ್ತೆಯ ಜೊತೆ ಕೂಗಿ ಮಾತಾಡುತ್ತಿದ್ದಳು. ನಮ್ಮ ಮಾಳಿಗೆಗೆ ಅಂಟಿಕೊಂಡೇ ಪಕ್ಕದ ಖಾಸಿಂಬೀ ಆಯಿಯ ಮಾಳಿಗೆ. ಖಾಸಿಂಬೀ ಅಜ್ಜಿಯ ಓರಗೆಯವಳು; ಅವಳ ಮಕ್ಕಳು ಬಾಡಿಗೆ ಗಾಡಿ ಹೊಡೆಯುತ್ತಿದ್ದರು. ಆ ದಿನ ಅವಳೂ ಮೇಲೆ ಬಂದು ಎರಡು ಮಾಳಿಗೆಗಳ ನಡುವಿನ ಕುಂಬಿಗೋಡೆಯ ಮೇಲೆ ಕುಳಿತು ಎಲೆ ಮೆಲ್ಲುತ್ತ ಚಿಗವ್ವನಿಗೆ ಜೊತೆಯಾಗುತ್ತಿದ್ದಳು. ಆಮೇಲೆ ಅಜ್ಜಿಗೆ ಲಕ್ವಾ ಹೊಡೆಯಿತು. ಬಲಗಡೆ ಸ್ವಾಧೀನ ತಪ್ಪಿ, ಮಾತು ಹೋಗಿ, ಅಡುಗೆಮನೆಗೆ ಹತ್ತಿದ ಬೆಚ್ಚನೆಯ ಕೋಣೆಯಲ್ಲಿ ಮಲಗಿಬಿಟ್ಟಳು. ಅದಾದ ಮೇಲೂ ಚಿಗವ್ವ ಗೂಡು ಬಳಿಯುವುದನ್ನು ಬಿಡಲಿಲ್ಲ.

ಅದನ್ನು ಬಿಡಿಸಿದ್ದು ಒಂದು ನಗು. ದೊಡ್ಡಪ್ಪನ ಮಗಳು ಗಂಗಕ್ಕನನ್ನು ನೋಡಲು ಮುದ್ದೇಬಿಹಾಳದಿಂದ ಬೀಗರಾಗುವವರು ಬರಬೇಕಿತ್ತು. ಅವರು ಹೇಳಿದ ದಿನಕ್ಕೆ ಬಾರದೆ, ಒಂದು ದಿನ ಮೊದಲೇ, ಯುಗಾದಿಯ ಮುಂಚಿನ ಗೂಡು ಬಳಿಯುವ ದಿನವೇ ಬಂದುಬಿಟ್ಟರು. ಗಾಡಿಯಿಂದ ಇಳಿದವರಿಗೆ ಮೊದಲು ಕಂಡದ್ದು ಮಾಳಿಗೆಯ ಮೇಲೆ ಮೈಯೆಲ್ಲ ಮಸಿಯಾಗಿ ಹಗ್ಗ ಜಗ್ಗುತ್ತಿದ್ದ ಚಿಗವ್ವ. ಅವರಲ್ಲಿ ಒಬ್ಬ ಹಿರಿಯ, "ಏನ್ರಿ ಗೌಡ್ರ, ನಿಮ್ಮ ಮನ್ಯಾಗ ಹೆಣ್ಣಮಕ್ಕಳು ಮಾಳಿಗಿ ಮ್ಯಾಲ ಇರ್ತಾರೊ, ಗಂಡಸರು ಒಲಿ ಮುಂದೊ?" ಎಂದ. ಎಲ್ಲರೂ ನಕ್ಕರು. ದೊಡ್ಡಪ್ಪನೂ ನಕ್ಕ. ಆದರೆ ಅವನ ಕಿವಿ ಕೆಂಪಾದದ್ದನ್ನು ನಾನು ನೋಡಿದೆ.

ದೊಡ್ಡಪ್ಪ ಕೆಟ್ಟವನೆಂದು ಬರೆದುಬಿಟ್ಟರೆ ನನ್ನ ಕೆಲಸ ಹಗುರಾಗುತ್ತಿತ್ತು. ಅವನು ಹಾಗಿರಲಿಲ್ಲ. ಹೊಲಕ್ಕೆ ಹೋಗುವಾಗ ನಮ್ಮನ್ನು ಸರದಿಯ ಮೇಲೆ ಹೆಗಲಿಗೇರಿಸಿಕೊಳ್ಳುತ್ತಿದ್ದ. ಬಾಗಿಲಿಗೆ ಬಂದವರನ್ನು ಜೋಳ ಕೊಡದೆ ಕಳಿಸಿದವನಲ್ಲ. ಬಿಳಿ ರುಮಾಲು ಸುತ್ತಿ ಕಟ್ಟೆಯ ಮೇಲೆ ಕುಳಿತರೆ ಊರವರು ಜಗಳ ಬಗೆಹರಿಸಿಕೊಳ್ಳಲು ಅವನ ಹತ್ತಿರ ಬರುತ್ತಿದ್ದರು. ಆದರೆ ತನ್ನ ಮನೆಯೊಳಗೆ ತಾನು ಒಮ್ಮೆ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವುದೆಂದರೆ ರುಮಾಲು ಬಿಚ್ಚಿ ನೆಲಕ್ಕಿಟ್ಟಂತೆ ಎಂದು ಅವನು ತಿಳಿದಿದ್ದ. ಬೀಗರು ಹೋದ ಮೇಲೆ ಪಡಸಾಲೆಯಲ್ಲಿ ನಿಂತು, "ಈ ಮನಿ ಸೊಸಿ ಇನ್ನ ಮ್ಯಾಲ ಮಾಳಿಗಿ ಹತ್ತಂಗಿಲ್ಲ. ಗೂಡಿಗೆ ನಾ ಆಳು ಹಚ್ಚತೇನಿ" ಎಂದ. ಮಾಳಿಗೆಯ ಮೆಟ್ಟಿಲಿಗೆ ಗೋಡೆಯಲ್ಲೇ ಒಂದು ಸಣ್ಣ ಬಾಗಿಲಿತ್ತು. ಅದಕ್ಕೆ ಕೀಲಿ ಹಾಕಿ ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡ.

ಆಳು ಬರಲಿಲ್ಲ. ಮೊದಲು ಗಂಗಕ್ಕನ ಮದುವೆ ಇತ್ತು, ಆಮೇಲೆ ಬಿತ್ತಿಗೆ, ಆಮೇಲೆ ಸುಗ್ಗಿ. ಚಿಗವ್ವ ಸುಮ್ಮನಿರಲಿಲ್ಲ. ಬನ್ನಿಹಬ್ಬ ಬಂದಾಗ ಕೇಳಿದಳು, ಯುಗಾದಿ ಬಂದಾಗ ಕೇಳಿದಳು. ನೇರವಾಗಿ ಕೇಳುವ ರೂಢಿ ಇರಲಿಲ್ಲ, ಬಾಗಿಲ ಮರೆಯಲ್ಲಿ ನಿಂತು, ನಡುವೆ ನಮ್ಮವ್ವನನ್ನೋ ನನ್ನನ್ನೋ ಇಟ್ಟುಕೊಂಡು, "ಭಾವಾರಿಗೆ ಹೇಳ ಶಾಂತಾ, ಗೂಡಿನಾಗ ಮಸಿ ಕಟ್ಟೇತಿ, ಹಿಟ್ಟಿನಾಗ ಉದರಾಕತ್ತೇತಿ. ಹಿಂಗ ಬಿಟ್ರ ಒಂದಿನ ಬೆಂಕಿ ಹತ್ತತೈತಿ" ಎಂದು ನನ್ನ ಹೆಸರು ಹಿಡಿದು ಹೇಳುತ್ತಿದ್ದಳು. ಉಣ್ಣುತ್ತಿದ್ದ ದೊಡ್ಡಪ್ಪ ತಲೆಯೆತ್ತದೆ, "ಉಣ್ಣೂ ಮುಂದ ಬೆಂಕಿ ಮಾತು ಬ್ಯಾಡ ಅಂತ ಹೇಳು" ಎನ್ನುತ್ತಿದ್ದ. ಪಕ್ಕದಲ್ಲೇ ಕುಳಿತ ನಮ್ಮಪ್ಪ ಅಂಬಲಿ ಹೀರುತ್ತಿದ್ದ. ಕಾಕಾ ತಟ್ಟೆ ನೋಡುತ್ತಿದ್ದ. ಮೂವರು ಗಂಡಸರು, ಆರು ಕೈ. ಒಂದು ಹಗ್ಗ ಹಿಡಿದು ಅರ್ಧ ದಿನ ನಿಲ್ಲುವ ಕೆಲಸ ಅದು. ಹೆಂಗಸು ಮಾಡಿದರೆ ಮರ್ಯಾದೆ ಹೋಗುತ್ತದೆ, ಗಂಡಸು ಮಾಡಿದರೆ ಅದು ಹೆಂಗಸಿನ ಕೆಲಸ. ಹೀಗೆ ಆ ಕೆಲಸ ಯಾರದೂ ಅಲ್ಲದಂತಾಯಿತು.

ಅಜ್ಜಿಗೆ ಎಲ್ಲವೂ ತಿಳಿಯುತ್ತಿತ್ತು. ಮಲಗಿದಲ್ಲಿಂದ ಅವಳಿಗೆ ಗೂಡಿನ ಬುಡ ಕಾಣುತ್ತಿತ್ತು. ಹೊಗೆ ಹಿಂದಕ್ಕೆ ತಿರುಗಿ ಕೋಣೆಗೆ ಬಂದಾಗ ಎಡಗೈಯೆತ್ತಿ ಮೇಲೆ ತೋರಿಸುತ್ತಿದ್ದಳು. ಬಾಯಿಂದ "ಆ... ಆ..." ಎಂಬುದೊಂದೇ ಬರುತ್ತಿತ್ತು. ದೊಡ್ಡಪ್ಪ ಅದನ್ನು ನೀರು ಕೇಳುತ್ತಿದ್ದಾಳೆಂದು ತಿಳಿದು ಚೆಂಬು ತಂದು ಬಾಯಿಗೆ ಹಿಡಿಯುತ್ತಿದ್ದ. ತಾಯಿಯ ಮೇಲೆ ಅವನಿಗೆ ಪ್ರೀತಿ ಇರಲಿಲ್ಲವೆಂದಲ್ಲ. ಅವಳು ಮುಖ ತಿರುಗಿಸುತ್ತಿದ್ದಳು, ನೀರು ಕೌದಿಗೆ ಚೆಲ್ಲುತ್ತಿತ್ತು.

ಒಂದು ದಿನ ದೊಡ್ಡಪ್ಪ ಬಸವನ ಬಾಗೇವಾಡಿಯ ಸಂತೆಗೆ ಹೋದಾಗ ಚಿಗವ್ವ ಖಾಸಿಂಬೀ ಆಯಿಯ ಮನೆಗೆ ಹೋದಳು. "ನಮ್ಮ ಮಾಳಿಗಿ ಮ್ಯಾಲ ಹಾದ ಹೋಗ ಮಗಳ, ಯಾರ ಕೇಳತಾರ?" ಎಂದು ಆಯಿಯೇ ಕರೆದಿದ್ದಳು. ಚಿಗವ್ವ ಕುಂಬಿ ದಾಟಿ ನಮ್ಮ ಮಾಳಿಗೆಗೆ ಬಂದು ಸಿಂಬಿಯನ್ನು ಗೂಡಿಗೆ ಇಳಿಬಿಟ್ಟಳು. ಮಸಿ ಎಷ್ಟು ಗಟ್ಟಿಯಾಗಿತ್ತೆಂದರೆ ಸಿಂಬಿ ಅರ್ಧಕ್ಕೇ ಸಿಕ್ಕಿಕೊಂಡಿತು. ಅದನ್ನು ಬಿಡಿಸುತ್ತಿರುವಾಗಲೇ ದೊಡ್ಡಪ್ಪ ಬಂದ. ದಾರಿಯಲ್ಲಿ ಎತ್ತು ಕುಂಟಿತೆಂದು ಅರ್ಧದಿಂದ ತಿರುಗಿದ್ದನಂತೆ. ಅಂಗಳದಲ್ಲಿ ನಿಂತು ಮೇಲೆ ನೋಡಿ, ಕೂಗಲಿಲ್ಲ, ಮೆಲ್ಲಗೆ "ಕೆಳಗ ಇಳಿ" ಎಂದ. ಓಣಿಯ ಮಂದಿ ನೋಡುತ್ತಿರುವಾಗಲೇ ಚಿಗವ್ವ ಬಂದ ದಾರಿಯಲ್ಲೇ ಇಳಿದು ಬಂದಳು. ದೊಡ್ಡಪ್ಪ ಹಗ್ಗವನ್ನು ತರಿಸಿ ಕುಡಗೋಲಿನಿಂದ ತುಂಡು ತುಂಡು ಮಾಡಿದ. ಮರುದಿನ ಎರಡು ಮಾಳಿಗೆಗಳ ನಡುವಿನ ಕುಂಬಿಯ ಮೇಲೆ ಜಾಲಿಮುಳ್ಳಿನ ಬೇಲಿ ಬಿತ್ತು. ಗೂಡು ಬಳಿಸಲು ಸಿಗದ ಆಳು ಮುಳ್ಳು ಹಾಕಿಸಲು ಒಂದೇ ದಿನದಲ್ಲಿ ಸಿಕ್ಕಿದ್ದ.

ಅದೇ ವರ್ಷದ ಶ್ರಾವಣದಲ್ಲಿ ಬಸಿರಿಯಾಗಿದ್ದ ಗಂಗಕ್ಕನಿಗೆ ಕುಬ್ಬಸ, ಸೀಮಂತದ ಶಾಸ್ತ್ರ, ಇಟ್ಟುಕೊಂಡರು. ಮಳೆಗೆ ಸಗಣಿಯ ಕುಳ್ಳು, ಕಟ್ಟಿಗೆ ಎಲ್ಲ ಹಸಿಯಾಗಿ ವಾರಗಟ್ಟಲೆ ಒಲೆ ಬರೀ ಹೊಗೆಯುಗುಳಿತ್ತು. ಬೀಗರು ಬಂದು ಕಟ್ಟೆಯ ಮೇಲೆ ಕುಳಿತಿದ್ದರು. ಒಳಗೆ ನಮ್ಮವ್ವ, ದೊಡ್ಡವ್ವ, ಚಿಗವ್ವ ಕರಚಿಕಾಯಿ ಕರಿಯುತ್ತಿದ್ದರು. ನಾನು ಹೂರಣ ತುಂಬಿದ ಕರಚಿಕಾಯಿಗಳ ಅಂಚು ಮಡಿಚುತ್ತ ಬಾಗಿಲ ಹತ್ತಿರ ಕುಳಿತಿದ್ದೆ. ಎಣ್ಣೆ ಕಾಯುತ್ತಿಲ್ಲವೆಂದು ದೊಡ್ಡವ್ವ ಅಟ್ಟದ ಮೇಲಿಂದ ಹಳೆಯ ಒಣ ಹತ್ತಿಕಟ್ಟಿಗೆಯ ಹೊರೆ ಇಳಿಸಿದಳು. ಉರಿ ಭಗ್ಗನೆ ಎದ್ದಿತು. ಸ್ವಲ್ಪ ಹೊತ್ತಿಗೆ ಗೂಡಿನೊಳಗೆ ಯಾರೋ ದೊಡ್ಡ ಕಂಬಳಿಯನ್ನು ಝಾಡಿಸಿದಂಥ ಸದ್ದು. ಆಮೇಲೆ ಆ ಸದ್ದು ನಿಲ್ಲಲೇ ಇಲ್ಲ. ದಿಬ್ಬ ಏರುವ ಲಾರಿಯ ಹಾಗೆ ಗುಡುಗತೊಡಗಿತು. ಗೂಡಿನ ಇಟ್ಟಿಗೆಗಳು ನಡುಗುತ್ತಿದ್ದವು. ಹೊರಗೆ ಯಾರೋ "ಗೂಡಿನ ಬಾಯಾಗ ಬೆಂಕಿ!" ಎಂದು ಚೀರಿದರು.

ಎಲ್ಲರೂ ಎದ್ದು ಓಡಿದರು, ಚಿಗವ್ವನೊಬ್ಬಳನ್ನು ಬಿಟ್ಟು. ಅವಳು ಬಾಂಡ್ಲಿಯನ್ನು ಇಳಿಸಿ ದೂರ ಸರಿಸಿದಳು. ಉರಿಯುವ ಕಟ್ಟಿಗೆ ಹೊರಗೆಳೆದು ಬೂದಿಯಲ್ಲಿ ಹೊರಳಿಸಿದಳು. ಗೋಣಿತಟ್ಟುಗಳನ್ನು ನೀರಿನ ಬಾನಿಯಲ್ಲಿ ಅದ್ದಿ ಒಲೆಯ ಮೇಲಿನ ಗೂಡಿನ ಬಾಯಿಗೆ ಒತ್ತಿ ತುರುಕಿದಳು. "ಯಾರೂ ಮ್ಯಾಲಿಂದ ನೀರು ಹಾಕಬ್ಯಾಡ್ರಿ! ಕಾದ ಗೂಡು ಒಡೀತೈತಿ! ಕೆಳಗ ಗಾಳಿ ಮುಚ್ಚೇನಿ, ತಾನ ಆರತೈತಿ!" ಎಂದು ಕೂಗಿದಳು. ನಮ್ಮವ್ವ ಸಾಯುವವರೆಗೂ ಹೇಳುತ್ತಿದ್ದಳು, ತಟ್ಟು ತುರುಕಿದ ಮೇಲೆ ಸದ್ದು ಇಳಿದಿತ್ತು ಎಂದು. ನನಗೂ ಹಾಗೆಯೇ ನೆನಪು. ಲಾರಿ ದಿಬ್ಬ ಇಳಿದು ದೂರ ಹೋಗುತ್ತಿರುವಂತೆ ಕೇಳುತ್ತಿತ್ತು. ಆದರೆ ಕಟ್ಟೆಯ ಮೇಲೆ ಬೀಗರ ಎದುರಿಗಿದ್ದ ದೊಡ್ಡಪ್ಪ ಅಷ್ಟರಲ್ಲಿ ಉಡದಾರದ ಕೀಲಿಕೈ ಬಿಚ್ಚಿ, ಮೆಟ್ಟಿಲ ಬಾಗಿಲು ತೆರೆದು, ಮಂದಿಯನ್ನು ಕರೆದುಕೊಂಡು ಮೇಲೆ ಹೋಗಿದ್ದ. ಚಿಗವ್ವನ ಕೂಗನ್ನು ಕಾಕಾ ಮೆಟ್ಟಿಲವರೆಗೂ ಒಯ್ದ. "ಅಣ್ಣಾ, ನೀರು ಬ್ಯಾಡಂತ!" "ಹೆಂಗಸಿನ ಮಾತು ಕೇಳಕೋಂತ ನಿಂತ್ರ ಮನಿ ಉಳೀತೈತೇನು? ಸುರೀರಿ!" ಎಂದ ದೊಡ್ಡಪ್ಪ. ಕೊಡದ ಮೇಲೆ ಕೊಡ ಬಾವಿಯ ನೀರು ಗೂಡಿನ ಬಾಯಿಗೆ ಬಿತ್ತು. ಮದ್ದಿಗೆ ಕಿಡಿ ತಗುಲಿದಂಥ ಶಬ್ದವಾಯಿತು. ತೊಲೆಗಳ ಮಟ್ಟದಲ್ಲಿ ಗೂಡು ಸೀಳಿತು. ಕೆಂಡದಂಥ ಮಸಿಯ ಹೆಂಟೆಗಳು ಆ ಸೀಳಿನಿಂದ ಹೊರಗೆ ಹಾರಿ ಜಂತಿಯ ಸಂದಿಗೆ, ಮಣ್ಣಿನ ಕೆಳಗಿನ ಒಣ ಕಣಿಕೆಗೆ ಹೊಕ್ಕವು.

ಅಡುಗೆಮನೆಯಲ್ಲಿ ಕಣ್ಣು ಕಾಣದಷ್ಟು ಹೊಗೆ. ನಮ್ಮವ್ವ ನನ್ನ ರಟ್ಟೆ ಹಿಡಿದು ಅಂಗಳಕ್ಕೆ ಎಸೆದಳೆಂದೇ ಹೇಳಬೇಕು. ಅಂಗಳದಲ್ಲಿ ನಿಂತು ನಾವು ಒಬ್ಬರನ್ನೊಬ್ಬರು ಎಣಿಸಿಕೊಳ್ಳುವಾಗ ಅಜ್ಜಿ ಒಳಗಿದ್ದಾಳೆಂಬುದು ಎಲ್ಲರಿಗೂ ಒಮ್ಮೆಲೇ ಹೊಳೆಯಿತು. ದೊಡ್ಡವ್ವ ಎದೆ ಬಡಿದುಕೊಂಡು ಅಳತೊಡಗಿದಳು. ಚಿಗವ್ವ ಕಾಣಲಿಲ್ಲ. ಅವಳು ಹೊರಗೆ ಬಂದೇ ಇರಲಿಲ್ಲ. ಅಜ್ಜಿಯ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಉರಿಯುವ ಜಂತಿಗಳು ಬಿದ್ದಿದ್ದವು. ಅವನ್ನು ಅವಳು ಬರಿಗೈಯಿಂದ ಹಿಡಿದು ಸರಿಸಿದಳು. ಅಜ್ಜಿಯನ್ನು ಹಸಿ ಕಂಬಳಿಯಲ್ಲಿ ಸುತ್ತಿ, ಮಗುವಿನಂತೆ ಎದೆಗವಚಿಕೊಂಡು ಹೊಗೆಯೊಳಗಿಂದ ಬಂದಳು. ಪಡಸಾಲೆಯ ಮೆಟ್ಟಿಲ ಮೇಲೆ ಕುಸಿದು ಕುಳಿತಾಗಲೂ ಅಜ್ಜಿಯನ್ನು ಬಿಡಲಿಲ್ಲ. ಬಿಡಲು ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. ಅವಳ ಹಿಂದೆ ಅಡುಗೆಮನೆಯ ಮಾಳಿಗೆ ಮಣ್ಣು ಸಮೇತ ಕುಸಿಯಿತು. ಖಾಸಿಂಬೀ ಆಯಿಯ ಮಕ್ಕಳು ತಮ್ಮ ಮಾಳಿಗೆಯಿಂದ ಬರಲು ನೋಡಿ ಮುಳ್ಳಿನ ಬೇಲಿಗೆ ಸಿಕ್ಕು ಕೈಕಾಲು ಹರಿದುಕೊಂಡು, ಕೊನೆಗೆ ಬೇಲಿಯನ್ನೇ ಕಿತ್ತೆಸೆದು ದಾಟಿ, ಬುಟ್ಟಿಗಟ್ಟಲೆ ಮಣ್ಣು ಸುರಿದು ಬೆಂಕಿ ಪಡಸಾಲೆಗೆ ಹಬ್ಬದಂತೆ ತಡೆದರು. ಇಲ್ಲದಿದ್ದರೆ ದನಗಳೂ ಉಳಿಯುತ್ತಿರಲಿಲ್ಲ.

ಚಿಗವ್ವನನ್ನು ಬಾಗೇವಾಡಿಯ ದವಾಖಾನೆಗೆ ಖಾಸಿಂಬೀ ಆಯಿಯ ಮಕ್ಕಳ ಗಾಡಿಯಲ್ಲೇ ಕರೆದೊಯ್ದರು. ಎರಡೂ ಕೈಗೆ ಮೊಣಕೈವರೆಗೆ ಬ್ಯಾಂಡೇಜು ಸುತ್ತಿಸಿಕೊಂಡು ಬಂದು ಅವಳು ಅಜ್ಜಿಯ ಪಕ್ಕದಲ್ಲೇ ಮಲಗುತ್ತಿದ್ದಳು. ಅಜ್ಜಿಯ ಮೈಗೆ ಬೆಂಕಿ ತಾಕಿರಲಿಲ್ಲ, ಆದರೆ ಎದೆಯಲ್ಲಿ ಹೊಗೆ ಕುಳಿತಿತ್ತು. ಉಸಿರಿಗೊಮ್ಮೆ ಸಿಳ್ಳು ಹಾಕುತ್ತಿತ್ತು. ಎಡಗೈಯನ್ನು ಚಿಗವ್ವನ ಬ್ಯಾಂಡೇಜಿನ ಮೇಲಿಟ್ಟುಕೊಂಡು ಮಲಗಿರುತ್ತಿದ್ದಳು. ಹುಣ್ಣಿಮೆ ಬರುವ ಮೊದಲೇ ಹೋದಳು.

ಮಣ್ಣು ಮಾಡಿ ಬಂದ ಮೇಲಿನ ದಿನಗಳಲ್ಲಿ ಮಾತಾಡಿಸಲು ಬಂದವರೆಲ್ಲ ಪಡಸಾಲೆಯಲ್ಲಿ ಕೂರುತ್ತಿದ್ದರು. ಹೂವಿನ ಹಿಪ್ಪರಗಿಯಿಂದ ಬಂದ ನೆಂಟನೊಬ್ಬ, "ಹ್ಯಾಂಗಾತ್ರಿ ಇದು?" ಎಂದು ಕೇಳಿದ. ಗೋಡೆಗೊರಗಿ ಕುಳಿತಿದ್ದ ದೊಡ್ಡಪ್ಪ, ಬಾಗಿಲ ಮರೆಯಲ್ಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ಚಿಗವ್ವನಿಗೆ ಕೇಳುವ ಹಾಗೆಯೇ ಹೇಳಿದ: "ನಮ್ಮ ಮನ್ಯಾಗ ಒಂದು ನಾಲಗಿ ಐತಿ. ಬೆಂಕಿ ಹತ್ತತೈತಿ, ಬೆಂಕಿ ಹತ್ತತೈತಿ ಅಂತ ಜಪ ಮಾಡತಿತ್ತು. ಹತ್ತಿತು. ನಮ್ಮವ್ವನ್ನ ತಿಂತು." ನೆಂಟ ತಲೆದೂಗಿದ, ಹೌದಪ್ಪ, ಕೆಲವರ ಬಾಯಿ ಹಾಗೆಯೇ ಎಂಬಂತೆ. ನಮ್ಮಪ್ಪ ನೆಲ ನೋಡಿದ. ಆಗ ಎದ್ದವನು ಕಾಕಾ. ಹುಟ್ಟಿದಾಗಿನಿಂದ ಅಣ್ಣನೆದುರು ದನಿಯೆತ್ತದವನು. ಕಂಬ ಹಿಡಿದು ನಿಂತು, "ಅಣ್ಣಾ, ಆಕಿ ನಾಲಗಿ ಬಿಡು. ಮೆಟ್ಟಲ ಕೀಲಿಕೈ ಎಲ್ಲೈತಿ? ಇನ್ನೂ ನಿನ್ನ ಉಡದಾರದಾಗ ಐತಿ, ನೋಡಕೊ" ಎಂದ. ದೊಡ್ಡಪ್ಪನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಅಲ್ಲಿ ಕುಳಿತಿದ್ದ ಎಲ್ಲರೂ ಅದನ್ನು ನೋಡಿದರು. ನೋಡಿಯೂ ಏನೂ ಅನ್ನಲಿಲ್ಲ. ಆ ದಿನ ಅಲ್ಲಿ ಕುಳಿತಿದ್ದ ದೊಡ್ಡವರೊಬ್ಬರಾದರೂ ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ.

ದಿನಕರ್ಮ ಮುಗಿದ ಮರುದಿನ ಕಾಕಾ, ಚಿಗವ್ವ ಖಾಸಿಂಬೀ ಆಯಿಯ ಮಕ್ಕಳ ಗಾಡಿಯಲ್ಲಿ ಕುಳಿತು ಇಂಡಿಗೆ ಹೋದರು. ಅಲ್ಲಿ ಕಾಕಾ ಒಂದು ಅರಳೆ ಅಡತಿಯಲ್ಲಿ, ದಲಾಲರ ಅಂಗಡಿಯಲ್ಲಿ, ಕೆಲಸಕ್ಕೆ ಸೇರಿಕೊಂಡ. ಮನಗೂಳಿಯ ಮನೆಯಲ್ಲಿ ಅಡುಗೆಮನೆಯನ್ನು ಮತ್ತೆ ಕಟ್ಟಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಒಲೆ ಹೂಡಿದರು. ಸೋರುವ ಮಾಳಿಗೆಗೆ ಮಣ್ಣು ಹಾಕಿಸುವವರಿಲ್ಲದೆ ಒಂದೊಂದೇ ತೊಲೆ ಬಾಗಿತು. ನಮ್ಮಪ್ಪ ಬೇರೆಯಾದ. ಹೀಗೆ ಒಂದು ಮನೆತನ ಮುಗಿಯಿತು. ದರೋಡೆಕೋರರು ಬಂದು ಕೆಡವಲಿಲ್ಲ, ಬರ ಬಂದು ಕೆಡವಲಿಲ್ಲ. ವರ್ಷಕ್ಕೆ ಎರಡು ದಿನ ಒಲೆ ಆರಿಸಿ ಒಂದು ಹಗ್ಗ ಎಳೆಯಲಾರದೆ ಹೋಯಿತು. ಈಗಲೂ ನಮ್ಮವರ ಮದುವೆ ಮುಂಜಿಗಳಲ್ಲಿ ಈ ಕಥೆ ಬರುತ್ತದೆ. ಹುಟ್ಟಿಯೇ ಇರದವರು ಹೇಳುತ್ತಾರೆ, "ಒಬ್ಬಾಕಿ ಸೊಸಿ ಇದ್ಳಂತ, ಆಕಿ ಅಂದದ್ದು ಆಗತಿತ್ತಂತ." ಕೇಳಿದವರು ನಗುತ್ತಾರೆ. ನಾನು ಪ್ರತಿ ಸಲ ಎದ್ದು ನಿಂತು, ಅದು ಹಾಗಲ್ಲ ಎಂದು ಮೊದಲಿಂದ ಹೇಳುತ್ತೇನೆ. ಅವರು ಸುಮ್ಮನೆ ಕೇಳಿ, ಮುದುಕಿಗೆ ಹಳೆಯ ಸಿಟ್ಟು ಎಂದು ಊಟಕ್ಕೆ ಏಳುತ್ತಾರೆ. ಹೌದು, ಹಳೆಯ ಸಿಟ್ಟೇ. ಹಳೆಯದಾದ ಮಾತ್ರಕ್ಕೆ ಅದು ಯಾಕೆ ಆರಬೇಕು?

ನಾನು ಹೈಸ್ಕೂಲಿಗೆ ಇಂಡಿಯಲ್ಲಿ ಕಾಕಾನ ಮನೆಯಲ್ಲೇ ಇದ್ದೆ. ಎರಡು ಕೋಣೆಯ ಬಾಡಿಗೆ ಮನೆ. ಚಿಗವ್ವನ ಕೈಯ ಗಾಯ ಮಾಯ್ದಿತ್ತು, ಆದರೆ ಬೆರಳುಗಳು ಒಳಗೆ ಸುರುಟಿಕೊಂಡು ಅಂಟಿಹೋಗಿದ್ದವು. ಚೆಂಬು ಹಿಡಿಯುತ್ತಿದ್ದಳು, ಕಸ ಗುಡಿಸುತ್ತಿದ್ದಳು, ಒಲೆ ಊದುತ್ತಿದ್ದಳು. ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಮೊದಮೊದಲು ನೆರೆಯವರು ಬಡಿದು ಕೊಡುತ್ತಿದ್ದರಂತೆ. ಆಮೇಲೆ ಕಾಕಾ ಕಲಿತ. ಬಾಗಿಲು ಮುಚ್ಚಿಕೊಂಡು, ಅವಳು ಪಕ್ಕದಲ್ಲಿ ಕುಳಿತು ಹೇಳಿದಂತೆ ಹಿಟ್ಟು ನಾದಿ, ಹರಿದವನ್ನು ನೆರೆಯವರ ಎಮ್ಮೆಗೆ ಹಾಕಿ, ಕಲಿತ. ನಾನು ಹೋಗುವ ಹೊತ್ತಿಗೆ ಬಾಗಿಲು ತೆರೆದೇ ಇರುತ್ತಿತ್ತು. ಓಣಿಯವರು ನೋಡಿದರೆ ನೋಡಲಿ ಎಂದು ಅವನು ಅಡತಿಗೆ ಹೋಗುವ ಮುಂಚೆ ಬುಟ್ಟಿ ತುಂಬ ರೊಟ್ಟಿ ಬಡಿದಿಡುತ್ತಿದ್ದ. ಒಮ್ಮೆ ಚಿಗವ್ವನ ತಲೆ ಬಾಚುತ್ತ ಕೇಳಿದೆ: "ಚಿಗವ್ವಾ, ದೊಡ್ಡಪ್ಪ ಹಂಗಂದಾಗ ನಿನಗ ಏನಂತ ಅನಸ್ತು?" "ನನ್ನ ಬಾಯಾಗ ಶಾಪ ಇರಲಿಲ್ಲವ್ವಾ. ಹೆದರಿಕಿ ಇತ್ತು. ಅತ್ತಿ ಆ ಕೋಣ್ಯಾಗ ಮಲಗಿದ್ರಲ್ಲಾ, ದಿನಾ ಒಲಿ ಹಚ್ಚೂ ಮುಂದ ನನಗ ಹೆದರಿಕಿ ಆಗತಿತ್ತು. ಅದನ್ನ ಯಾರರೆ ಕೇಳಬೇಕಿತ್ತಲ್ಲ" ಎಂದಳು.

ಒಂದು ಬೇಸಿಗೆಯಲ್ಲಿ ದೊಡ್ಡಪ್ಪ ಬಂದ. ಹೊಲದ ತಂಟೆಯ ಮೇಲೆ ಇಂಡಿಯ ಕೋರ್ಟಿಗೆ ಬಂದವನು, ಬಿಸಿಲಿಗೆ ಬಸವಳಿದು, ವಿಳಾಸ ಕೇಳಿಕೊಂಡು ಬಾಗಿಲಿಗೆ ಬಂದು ನಿಂತ. ರುಮಾಲು ಮಾಸಿತ್ತು, ಬೆನ್ನು ಬಾಗಿತ್ತು. ಕಾಕಾ ಅಡತಿಗೆ ಹೋಗಿದ್ದ. ಚಿಗವ್ವ ಸೆರಗು ಸರಿಪಡಿಸಿಕೊಂಡು ಎದ್ದು, ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, "ಉಣ್ಣಾಕ ಏಳ್ರಿ" ಎಂದಳು. ನಾನು ಬಡಿಸಿದೆ. ಎಣ್ಣೆಗಾಯಿ, ಮೊಸರು, ಬೆಳಿಗ್ಗೆಯ ರೊಟ್ಟಿ. ಅವನು ಹಸಿದಿದ್ದ. ಎರಡನೆಯ ರೊಟ್ಟಿ ಮುರಿಯುವಾಗ, ಎಷ್ಟೋ ವರ್ಷದ ಮೇಲೆ ಮೊದಲ ಸಲ ಅವಳನ್ನೇ ಉದ್ದೇಶಿಸಿ, "ರೊಟ್ಟಿ ಚಲೋ ಆಗ್ಯಾವ ನೀಲವ್ವ. ನಿನ್ನ ಕೈ ರುಚಿ ಹಂಗ ಐತಿ" ಎಂದ. ಚಿಗವ್ವ ಬಾಗಿಲ ಮರೆಗೆ ಹೋಗಲಿಲ್ಲ. ಅವನೆದುರಿಗೇ ನಿಂತಿದ್ದಳು. ಸೆರಗಿನೊಳಗಿಂದ ಎರಡೂ ಕೈಗಳನ್ನು ಹೊರಗೆ ತೆಗೆದಳು.

"ನಾ ಬಡದಿಲ್ರಿ ಭಾವಾರ. ನಿಮ್ಮ ತಮ್ಮಾರ ಬಡದಾರ. ನನಗ ಬರಾಂಗಿಲ್ಲ."

ದೊಡ್ಡಪ್ಪ ಆ ಕೈಗಳನ್ನು ನೋಡಿದ. ತುತ್ತು ಕೈಯಲ್ಲೇ ಇತ್ತು. ಏನೋ ಹೇಳುತ್ತಾನೆಂದು ನಾನು ಕಾದೆ. ಆ ತುತ್ತನ್ನು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದ. ತಟ್ಟೆಯಲ್ಲಿದ್ದುದನ್ನು ಒಂದು ಚೂರೂ ಬಿಡದೆ ಉಂಡ. ಕೈ ತೊಳೆದು, ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ಒಮ್ಮೆ ನಿಂತು, "ಬರ್ತೇನಿ" ಎಂದು ಹೋದ. ಚಿಗವ್ವ "ಹೂಂ" ಎಂದಳು. ಅವನು ಓಣಿಯ ತಿರುವು ದಾಟುವವರೆಗೂ ನಿಂತು ನೋಡಿದಳು. ಆಮೇಲೆ ಅವನುಂಡ ತಟ್ಟೆಯನ್ನು ನನಗೆ ಕೊಡದೆ, ಸುರುಟಿದ ಆ ಬೆರಳುಗಳಿಂದಲೇ ತಾನೇ ತಿಕ್ಕಿ ತೊಳೆದು ಬಿಸಿಲಿಗಿಟ್ಟಳು. ಅದೇ ವರ್ಷದ ಸುಗ್ಗಿಯಲ್ಲಿ ಅವನು ತೀರಿಕೊಂಡ. ಅವಳು ಮಣ್ಣಿಗೆ ಹೋಗಿ ಬಂದಳು. ಅಳಲಿಲ್ಲ, ಬೈಯಲೂ ಇಲ್ಲ.

ಆಮೇಲೆ ಬಹಳ ವರ್ಷ ಬದುಕಿದಳು. ಕಾಕಾ ಅವಳಿಗಿಂತ ಮೊದಲು ಹೋದ. ಅವನು ಹೋದ ಮೇಲೆ ಅವಳು ಜೋಳದ ರೊಟ್ಟಿ ತಿನ್ನುವುದನ್ನು ಬಿಟ್ಟು ಅನ್ನ ಉಣ್ಣತೊಡಗಿದಳು. ಯಾಕೆಂದು ನಾನು ಕೇಳಲಿಲ್ಲ.